ಟಗರಿನ ಬೆನ್ನ ಮೇಲಿನ ಹಳದಿ

ನನ್ನ ಮುತ್ಯಾನಿಗೆ,

ನೀನು ಕೊಟ್ಟ ಭಂಡಾರವನ್ನು ನಾನು ಒಂದು ದಿನವೂ ನುಂಗಲಿಲ್ಲ. ಇದನ್ನು ನಿನಗೆ ಎಂದೂ ಹೇಳಿರಲಿಲ್ಲ, ಅಕ್ಕನಿಗೂ ಹೇಳಿರಲಿಲ್ಲ. ಮುಂಜಾನೆ ನಮ್ಮ ದೇವರು ಬಿರೋಬಾನ ಕಟ್ಟೆಯ ಮುಂದೆ ನಾವಿಬ್ಬರೂ ನಿಲ್ಲುತ್ತಿದ್ದೆವು. ನೀನು ಸೊಂಟದ ಚೀಲದಿಂದ ಚಿಟಿಕೆ ಹಳದಿ ಪುಡಿ ತೆಗೆದು ಮೊದಲು ಹಣೆಗೆ ಹಚ್ಚಿ, ಆಮೇಲೆ ನಾಲಿಗೆಯ ಮೇಲೆ ಇಡುತ್ತಿದ್ದೆ. ಅಕ್ಕ ಕಣ್ಣು ಮುಚ್ಚಿ ನುಂಗುತ್ತಿದ್ದಳು. ನಾನು ಬಾಯಿ ಬಿಗಿಹಿಡಿದು ಕುರಿದೊಡ್ಡಿಯ ಹಿಂದೆ ಓಡಿ ಉಗುಳಿ ಬರುತ್ತಿದ್ದೆ. ಕಹಿ ಇತ್ತೆಂದು ಉಗುಳಲಿಲ್ಲ. ಕಹಿ ಇರಲೇ ಇಲ್ಲ. ಬಳಪ ತಿಂದ ಹಾಗೆ ಸಪ್ಪಗೆ, ಪುಡಿಪುಡಿಯಾಗಿ ಇತ್ತು. ಭಂಡಾರ ಎಂದರೆ ಅರಿಷಿಣ, ಅರಿಷಿಣ ಕಹಿ ಇರಬೇಕಲ್ಲ ಎಂದು ಒಮ್ಮೆಯಾದರೂ ನನಗೇಕೆ ಅನ್ನಿಸಲಿಲ್ಲ? ಒಂದು ದಿನವೂ ಎಂದೆನಲ್ಲ, ಅದು ಪೂರ್ತಿ ಸರಿಯಲ್ಲ. ತೀರಾ ಸಣ್ಣವಳಿದ್ದಾಗ ನುಂಗಿರಬಹುದು. ನನಗೆ ನೆನಪಿರುವ ಮಟ್ಟಿಗೆ ಇಲ್ಲ.

ನಿನಗೆ ಓದಲು ಬರುತ್ತಿರಲಿಲ್ಲ. ನನಗೂ ಕನ್ನಡ ಬರೆದು ರೂಢಿ ತಪ್ಪಿದೆ. ಇಲ್ಲಿ ಸೊಲ್ಲಾಪುರದಲ್ಲಿ ಬಾಯಿಗೆ ಬರುವುದು ಮರಾಠಿ, ಕೆಲಸದ ಕಡೆ ಬಾಟಲಿಗಳ ಮೇಲಿರುವುದು ಇಂಗ್ಲಿಷ್. ಆದರೆ ನಿನಗೆ ಮರಾಠಿಯಲ್ಲಿ ಬರೆದರೆ ಬೇರೆ ಯಾರಿಗೋ ಬರೆದ ಹಾಗಾಗುತ್ತದೆ. ಸತ್ತವರಿಗೆ ಓದಲು ಬರುತ್ತದೋ ಇಲ್ಲವೋ ಗೊತ್ತಿಲ್ಲ, ಬರುತ್ತದೆ ಎಂದುಕೊಂಡು ಬರೆಯುತ್ತಿದ್ದೇನೆ. ಮೊನ್ನೆ ನಾನು ಕೆಲಸ ಮಾಡುವ ಲ್ಯಾಬಿನ ಪರದೆಯ ಮೇಲೆ ನೋಡಿದ್ದು ನನ್ನ ಕಣ್ಣಿನಿಂದ ಇನ್ನೂ ಹೋಗಿಲ್ಲ. ತಾಟಿನ ಮುಂದೆ ಕೂತರೂ ಅದೇ ಕಾಣುತ್ತದೆ. ಅಕ್ಕನಿಗೆ ಗಂಡು ಕೂಸು ಹುಟ್ಟಿದೆ, ನಾಡಿದ್ದು ತೊಟ್ಟಿಲಿಗೆ ಹಾಕುತ್ತಾರೆ. ನೀನಿದ್ದಾಗ ನಡೆಯುತ್ತಿದ್ದ ಹಾಗೆಯೇ ಅಪ್ಪ ಅದರ ನಾಲಿಗೆಯ ಮೇಲೆ ಭಂಡಾರ ಇಡುತ್ತಾನೆ. ಅದನ್ನು ನಾನು ನಿಲ್ಲಿಸಬೇಕು. ನಿಲ್ಲಿಸಬೇಕೆಂದರೆ ಊರಿನ ಮುಂದೆ ನಿನ್ನ ಹೆಸರು ಎತ್ತಬೇಕು. ಅದಕ್ಕೇ ಮೊದಲು ನಿನಗೆ ಹೇಳುತ್ತಿದ್ದೇನೆ.

ನಾನು ಶಾಲೆ ಬಿಟ್ಟ ದಿನ ನೆನಪಿದೆಯೇ? ಒಂಬತ್ತನೇ ಇಯತ್ತೆಯ ನಡುವೆ ಬಿಟ್ಟೆ. ಬಡತನಕ್ಕಲ್ಲ, ಮಾಸ್ತರು ಹೊಡೆದರೆಂದೂ ಅಲ್ಲ. ಬೆಂಚಿನ ಮೇಲೆ ಕೂರಲು ಆಗುತ್ತಿರಲಿಲ್ಲ, ಅಷ್ಟೇ. ಅಪ್ಪ ಸಿಟ್ಟಿಗೆದ್ದು ಬಾರುಕೋಲು ಹುಡುಕುತ್ತಿದ್ದ. ನೀನು ಕಂಬಳಿ ಕೊಡವುತ್ತ ನಿಂತಲ್ಲಿಂದಲೇ ಮಗನಿಗೆ ಹೇಳಿದ್ದೆ: "ಬಿಡೋ ಆಕಿನ್ನ. ಕುರಿ ಕೂತಲ್ಲೇ ಕೂತ್ರ ಜಡ್ಡು ಬಂದದ ಅಂತೀವಿ. ಈಕಿ ಅಡ್ಡಾಡ್ಲಿ." ಅಡ್ಡಾಡಿದೆ ಮುತ್ಯಾ. ಸೊಲ್ಲಾಪುರಕ್ಕೆ ಬಂದು ಟವೆಲ್ಲಿನ ಅಂಚು ಹೊಲಿದೆ, ಬಿಟ್ಟೆ. ಮಗ್ಗದ ಶೆಡ್ಡಿನಲ್ಲಿ ನೂಲು ಜೋಡಿಸಿದೆ, ಕಿವಿ ಗುಂಯ್ ಎನ್ನತೊಡಗಿತು, ಬಿಟ್ಟೆ. ಕಡೆಗೆ ಅಕ್ಕಲಕೋಟ ರಸ್ತೆಯ ಎಂಐಡಿಸಿಯಲ್ಲಿ, ಕಾರ್ಖಾನೆಗಳ ನಡುವೆ, ಒಂದು ಪರೀಕ್ಷೆಯ ಲ್ಯಾಬ್ ಸೇರಿದೆ. ಹೊರದೇಶಕ್ಕೆ ಹೋಗುವ ಟವೆಲ್ಲು, ಚಾದರಗಳಲ್ಲಿ ಬೇಡದ ಬಣ್ಣ ಸೇರಿದೆಯೋ ಎಂದು ನೋಡುವ ಜಾಗ ಅದು. ಬಟ್ಟೆ ಕತ್ತರಿಸುವುದು, ತೂಗುವುದು, ದ್ರಾವಕದಲ್ಲಿ ನೆನೆಸುವುದು, ಸೋಸಿ ಸಣ್ಣ ಶೀಶೆಗಳಿಗೆ ತುಂಬುವುದು ನನ್ನ ಕೆಲಸ. ಅಲ್ಲಿ ಯಾರೂ ಕೂತು ಕೆಲಸ ಮಾಡುವುದಿಲ್ಲ. ಹಾಗಾಗಿ ಉಳಿದೆ.

ಆ ಲ್ಯಾಬಿನ ಯಂತ್ರದ ಬಗ್ಗೆ ನಿನಗೆ ಹೇಳಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆ. ದೀಪಾವಳಿಗೆ ಊರಿಗೆ ಬಂದಾಗ ಹೇಳಲು ಬಾಯಿ ತೆರೆದಿದ್ದೆ, ನೀನು ಆಗಲೇ ಹೊಟ್ಟೆ ಹಿಡಿದುಕೊಂಡು ಮಲಗಿದ್ದೆ. ಆಮೇಲೆ... ಈಗ ಕೇಳು. ನಮ್ಮ ಮೇಡಂ, ಯಂತ್ರ ನಡೆಸುವವರು, ಮೊದಲ ವಾರದಲ್ಲೇ ಅದನ್ನು ತೋರಿಸಿದ್ದರು. ಅದು ವಸ್ತುಗಳ ಅತಿ ಸಣ್ಣ ಕಣಗಳನ್ನು ತೂಗುತ್ತದಂತೆ. ತೂಗುವ ಮೊದಲು ಅವಕ್ಕೆ ವಿದ್ಯುತ್ತಿನ ಚಾರ್ಜು ಕೊಡುತ್ತಾರೆ, ಚಾರ್ಜಿದ್ದ ಕಣಕ್ಕೆ ಅಯಾನ್ ಎನ್ನುತ್ತಾರೆ. ಆಮೇಲೆ ಅವನ್ನು ಒಂದು ಬೋನಿನಲ್ಲಿ ಕೂಡಿಹಾಕುತ್ತಾರೆ. ಬೋನು ಅಂದರೆ ನಾನು ಗೋಡೆ, ಬಾಗಿಲು ಇರಬೇಕು ಅಂದುಕೊಂಡಿದ್ದೆ. ಸ್ವಚ್ಛ ಮಾಡಲು ಬಿಚ್ಚಿದಾಗ ನೋಡಿದರೆ ಒಂದು ದಪ್ಪ ಉಕ್ಕಿನ ಬಳೆ, ಅದರ ಎರಡೂ ಬದಿಗೆ ಒಳಮುಖವಾಗಿ ಉಬ್ಬಿದ ಎರಡು ಮುಚ್ಚಳ, ಮುಚ್ಚಳದ ನಡುವೆ ಸಣ್ಣ ತೂತು. ಒಟ್ಟು ಸೇರಿ ನನ್ನ ಮುಷ್ಟಿಯಷ್ಟು. ಅವು ಇದರೊಳಗೆ ಎಲ್ಲಿ ಕೂತುಕೊಳ್ಳುತ್ತವೆ ಎಂದು ಕೇಳಿದೆ. ಮೇಡಂ ನಕ್ಕರು. ಕೂರುವುದಿಲ್ಲ, ಕೂರಲು ಬಿಟ್ಟರೆ ಹಿಡಿಯಲು ಆಗುವುದೇ ಇಲ್ಲ, ಓಡಾಡಿಸುತ್ತಲೇ ಹಿಡಿಯಬೇಕು ಎಂದರು. ಅವತ್ತಿನಿಂದ ನನಗೆ ಆ ಬೋನಿನ ಮೇಲೆ ಜೀವ.

ನಮ್ಮೂರು ನಾಗಣಸೂರದ ಹೊಲಗಳಲ್ಲಿ ನಾವು ಕುರಿ ತರುಬುತ್ತಿದ್ದುದು ನೆನಪಾಗಿದ್ದು ಆಗಲೇ. ಗೊಬ್ಬರಕ್ಕೆಂದು ಯಾರದೋ ಹೊಲದಲ್ಲಿ ಹಿಂಡು ನಿಲ್ಲಿಸಿ ಸುತ್ತ ಬಲೆ ಕಟ್ಟುತ್ತಿದ್ದೆವು. ಬಲೆ ಬರೀ ಹಗ್ಗ, ಮನಸ್ಸು ಮಾಡಿದರೆ ಟಗರು ಹರಿದುಕೊಂಡು ಹೋಗುತ್ತಿತ್ತು. ಹೋಗದಂತೆ ತಡೆಯುತ್ತಿದ್ದುದು ನಾಯಿಗಳು. ಮೂಡಣಕ್ಕೆ ನುಗ್ಗಿದವನ್ನು ಅತ್ತ ಹೋಗಿ ತಿರುಗಿಸಿ, ಅಷ್ಟರಲ್ಲಿ ತೆಂಕಣಕ್ಕೆ ಓಡಿದವನ್ನು ಇತ್ತ ಬಂದು ತಿರುಗಿಸಿ. ಈ ಬೋನಿನಲ್ಲೂ ಹಾಗೆಯೇ. ಬಳೆಗೆ ಕೊಟ್ಟ ವಿದ್ಯುತ್ತು ಒಂದು ಗಳಿಗೆ ಅಯಾನುಗಳನ್ನು ಬಳೆಯ ಕಡೆಯಿಂದ ನಡುವಿಗೆ ತಳ್ಳುತ್ತದೆ, ಆಗ ಅವು ಮುಚ್ಚಳಗಳ ಕಡೆಗೆ ಜಾರಹತ್ತುತ್ತವೆ. ತಪ್ಪಿಸಿಕೊಳ್ಳುವ ಮೊದಲೇ ವಿದ್ಯುತ್ತು ಉಲ್ಟಾ ಆಗಿ ಮುಚ್ಚಳದ ಕಡೆಯಿಂದ ತಳ್ಳುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೀಗೆ ಅತ್ತಿತ್ತ. ಅವಕ್ಕೆ ಹೊರಗೆ ಹೋಗಲು ಪುರುಸೊತ್ತೇ ಸಿಗುವುದಿಲ್ಲ. ಒಳಗೆ ಸ್ವಲ್ಪ ಹೀಲಿಯಂ ಗಾಳಿ ಬಿಟ್ಟಿರುತ್ತಾರೆ. ಅದಕ್ಕೆ ಬಡಿದು ಬಡಿದು ಅವುಗಳ ಜಿಗಿದಾಟ ಕಡಿಮೆಯಾಗಿ ನಡುವಿಗೆ ಬಂದು ಗುಂಪಾಗುತ್ತವೆ, ನೀನು ಹಿಂಡಿನೊಳಗೆ ಹೋಗಿ ಒಂದೊಂದರ ಬೆನ್ನ ಮೇಲೆ ಕೈ ಇಟ್ಟಾಗ ಆಗುತ್ತಿತ್ತಲ್ಲ, ಹಾಗೆ.

ಬೆಳಗಾದ ಮೇಲೆ ನೀನು ಹಿಂಡು ಬಿಡುತ್ತಿದ್ದ ರೀತಿ ಬೇರೆ ಯಾರಲ್ಲೂ ಇರಲಿಲ್ಲ. ಬಲೆಯ ಕೆಳ ಅಂಚನ್ನು ಒಂದು ಗೇಣು ಎತ್ತುತ್ತಿದ್ದೆ, ಮರಿಗಳಷ್ಟೇ ನುಸುಳಿ ಬರುತ್ತಿದ್ದವು. ಇನ್ನೊಂದು ಗೇಣು ಎತ್ತಿದರೆ ಹೋದ ವರ್ಷದವು. ಆಮೇಲೆ ದೊಡ್ಡ ಕುರಿ, ಕಡೆಗೆ ಟಗರು. ನಾನು ಬೆರಳು ಮಡಿಚಿ ಎಣಿಸಬೇಕು. ತಪ್ಪಿದರೆ ನೀನು "ಸಾಲಿ ಕಲ್ತಾಕಿ" ಎಂದು ಅಣಕಿಸುತ್ತಿದ್ದೆ. ಆ ಯಂತ್ರ ತೂಗುವುದೂ ಹಾಗೆಯೇ ಮುತ್ಯಾ. ವಿದ್ಯುತ್ತನ್ನು ಮೆಲ್ಲಗೆ ಏರಿಸುತ್ತ ಹೋದರೆ ಮೊದಲು ಹಗುರಾದವು ತಾಳ ತಪ್ಪಿ ಮುಚ್ಚಳದ ತೂತಿನಿಂದ ಹೊರಬೀಳುತ್ತವೆ, ಆಮೇಲೆ ಅವಕ್ಕಿಂತ ಭಾರದವು, ಆಮೇಲೆ ಇನ್ನೂ ಭಾರದವು. ಹೊರಬಂದವನ್ನು ಎಣಿಸಲು ತೂತಿನ ಹೊರಗೆ ಒಂದು ಎಣಿಕೆಯ ಸಾಧನ ಇದೆ. ಯಾವ ಎತ್ತರಕ್ಕೆ ಯಾವುದು ಬಂತು ಎಂಬುದೇ ಅದರ ತೂಕ. ಇದನ್ನು ಕೇಳಿದ ದಿನ ನಾನು ಮೇಡಂಗೆ ನಮ್ಮ ಮುತ್ಯಾನೂ ಹೀಗೇ ಮಾಡುತ್ತಾನೆ ಎಂದಿದ್ದೆ. ಆಗ ನೀನಿನ್ನೂ ಇದ್ದೆ. 'ಮಾಡುತ್ತಾನೆ' ಎಂದಿದ್ದೆ.

ನೀನು ಹೋದ ಮೇಲೆ ಅಕ್ಕ ನಿನ್ನ ಸೊಂಟದ ಚೀಲವನ್ನು ನನಗೆ ಕೊಟ್ಟಳು. ಮದುವೆಯಾದ ಹೊಸದರಲ್ಲಿ ಆಯಿ ನಿನಗೆ ಹೊಲಿದುಕೊಟ್ಟ ದಪ್ಪ ಬಟ್ಟೆಯ ಚೀಲ, ಅರ್ಧ ತುಂಬಿತ್ತು. ನಾನು ದೇವರಿಗೆ ಕೈ ಮುಗಿಯುವವಳಲ್ಲ, ಆದರೂ ಕೆಲಸಕ್ಕೆ ಹೋಗುವಾಗ ಅದನ್ನು ಚೀಟಿಚಿಲ್ಲರೆಯ ಜೊತೆ ಏಪ್ರನ್ನಿನ ಕಿಸೆಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಹೋದ ವಾರ ಅದರ ಬಾಯಿ ಸಡಿಲವಾಗಿ ಬಿಳಿ ಏಪ್ರನ್ನಿನ ತುಂಬ ಹಳದಿ ಚೆಲ್ಲಿತು. ಕೋಣೆಗೆ ಬಂದು ಸಬಕಾರ ಹಚ್ಚಿ ತಿಕ್ಕಿದೆ. ತಿಕ್ಕುತ್ತಿದ್ದವಳ ಕೈ ನಿಂತಿತು. ಕೆಂಪಾಗಲಿಲ್ಲ. ಅರಿಷಿಣದ ಕಲೆಗೆ ಸಬಕಾರ ಬಿದ್ದರೆ ಕುಂಕುಮದ ಹಾಗೆ ಕೆಂಪಾಗುತ್ತದೆ, ಇದು ಯಾರ ಮನೆಯಲ್ಲಿ ಗೊತ್ತಿಲ್ಲ? ಅವ್ವನ ಸೀರೆಯ ಸೆರಗಿನಲ್ಲಿ ದಿನವೂ ನೋಡಿದ್ದೇನೆ. ಇದು ಹಳದಿಯಾಗಿಯೇ ನೊರೆಯ ಜೊತೆ ಹರಿದು ಹೋಯಿತು, ಹತ್ತಿಯ ಬಟ್ಟೆ ಬಿಳಿಯಾಗಿ ಉಳಿಯಿತು. ಅರಿಷಿಣ ಇಷ್ಟು ಸುಲಭಕ್ಕೆ ಹತ್ತಿಯನ್ನು ಬಿಡುತ್ತದೆಯೇ? ನಲ್ಲಿಯ ಮುಂದೆ ಕುಕ್ಕುರುಗಾಲಲ್ಲಿ ಎಷ್ಟು ಹೊತ್ತು ಕೂತಿದ್ದೆನೋ. ಕೂರಲು ಬಾರದ ನಾನು.

ಮರುದಿನ ಮೇಡಂಗೆ ಹೇಳಿದಾಗ ಅವರು ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಯಂತ್ರ ಸರಿಯಿದೆಯೇ ಎಂದು ನೋಡುವ ದಿನ ಶನಿವಾರ, ಅವತ್ತು ಗಿರಾಕಿಗಳ ಕೆಲಸ ಇರುವುದಿಲ್ಲ, ತೆಗೆದುಕೊಂಡು ಬಾ ಎಂದರು. ನಾನು ಅವಸರದವಳು. ಎರಡು ಚಮಚ ಭಂಡಾರ ಹಾಕಿ ದ್ರಾವಕ ತುಂಬಿ ಗಟ್ಟಿ ಸಾರಿನ ಹಾಗೆ ಮಾಡಿ ಯಂತ್ರಕ್ಕೆ ಹಚ್ಚಿದೆ. ಪರದೆಯ ಮೇಲಿನ ಗೆರೆಗಳು ದಪ್ಪಗೆ, ಒಂದರ ಮೇಲೊಂದು ಬಿದ್ದು, ಯಾವ ತೂಕವೂ ತನ್ನ ಜಾಗದಲ್ಲಿ ಇರಲಿಲ್ಲ. ಮೇಡಂ ತಲೆಯ ಮೇಲೆ ಕೈ ಹೊತ್ತರು. ಅಯಾನುಗಳ ಚಾರ್ಜು ಒಂದೇ ಜಾತಿಯದು, ಹೆಚ್ಚಾದರೆ ಒಂದನ್ನೊಂದು ತಳ್ಳುತ್ತವೆ, ಬೋನು ಏನು ಹೇಳಿದರೂ ಕೇಳುವುದಿಲ್ಲ, ತೂಕ ಸುಳ್ಳಾಗುತ್ತದೆ ಎಂದು ಬೈದರು. "ಮೇಂಢ್ರಂ ಜಾಸ್ತ ಝಾಲೀ, ಮಾಯಾ" ಎಂದರು, ಕುರಿ ಹೆಚ್ಚಾದವು ಎಂದು. ಆ ಬಣ್ಣ ಕೊಳವೆಗೆಲ್ಲ ಹಿಡಿದು, ಬರೀ ದ್ರಾವಕ ಬಿಟ್ಟರೂ ಗೆರೆ ಏಳುತ್ತಿತ್ತು. ಮಧ್ಯಾಹ್ನದವರೆಗೆ ತೊಳೆದೆವು. ನಿಜ ಹೇಳಲೇ? ಬೈಸಿಕೊಳ್ಳುತ್ತಲೇ ನನಗೆ ಒಳಗೊಳಗೆ ಖುಷಿಯಾಗಿತ್ತು. ಯಂತ್ರವೇ ಗೊಂದಲಕ್ಕೆ ಬಿದ್ದಿದೆ, ಹಾಗಾದರೆ ಭಂಡಾರದಲ್ಲಿ ತಪ್ಪಿಲ್ಲ, ನನ್ನ ಸಬಕಾರವೇ ಸರಿ ಇಲ್ಲ...

ಊಟದ ಮೇಲೆ ಮೇಡಂ ತಮ್ಮ ಡಬ್ಬಿಯ ಚೀಲದಿಂದ ಒಂದು ಪೊಟ್ಟಣ ತೆಗೆದರು. ಅವರ ಅಡುಗೆಮನೆಯ ಅರಿಷಿಣ. ಮೊದಲು ಅದನ್ನು ಹಚ್ಚೋಣ ಎಂದರು. ಈ ಸಲ ಕಡ್ಡಿಯ ತುದಿಗೆ ಹತ್ತುವಷ್ಟೇ ಪುಡಿ, ಅದನ್ನೂ ಮತ್ತೆ ಮತ್ತೆ ತೆಳುವು ಮಾಡಿ. ಅರಿಷಿಣದ ಹಳದಿಯ ತೂಕ ನಮ್ಮ ಯಂತ್ರದಲ್ಲಿ ಮುನ್ನೂರ ಅರವತ್ತೇಳಕ್ಕೆ ಬರಬೇಕು. ಬಂತು. ಗುಡ್ಡದ ಹಾಗೆ ಎದ್ದು ನಿಂತಿತು. ಆಮೇಲೆ ಬರೀ ದ್ರಾವಕ, ಪರದೆ ಖಾಲಿ. ಆಮೇಲೆ ನಿನ್ನ ಚೀಲದ್ದು. ನಾನು ಮುನ್ನೂರ ಅರವತ್ತೇಳರ ಜಾಗವನ್ನೇ ನೋಡುತ್ತಿದ್ದೆ. ಬರುತ್ತದೆ, ಬರುತ್ತದೆ ಅಂದುಕೊಂಡೆ. ಅಲ್ಲಿ ಹೊಲದ ಬದುವಿನಷ್ಟೂ ಏನೂ ಏಳಲಿಲ್ಲ. ಅದಕ್ಕಿಂತ ಹಗುರಾದದ್ದೊಂದು, ಮುನ್ನೂರ ಐವತ್ತೆರಡು, ಒಂಟಿಯಾಗಿ ಮೇಲೆದ್ದಿತು. ಮೇಡಂ ಮೆಲ್ಲಗೆ, "ಹೀ ಹಳದ ನಾಹೀ" ಎಂದರು. ಅರಿಷಿಣ ಅಲ್ಲ. ಸ್ವಲ್ಪವೂ ಅಲ್ಲ.

ನಾನು ಬಿಡಲಿಲ್ಲ. ಅಷ್ಟೇ ತೂಕದ್ದು ಬೇರೆ ಏನಾದರೂ ಇರಬಾರದೇ ಎಂದು ಕೇಳಿದೆ. ಇರಬಹುದು ಎಂದರು. ಅದಕ್ಕೇ ಈ ಬೋನಿಗೆ ಇನ್ನೊಂದು ಕೆಲಸ ಬರುತ್ತದೆ. ಉಳಿದ ಎಲ್ಲವನ್ನೂ ಹೊರಗೆ ಓಡಿಸಿ ಆ ಒಂದು ತೂಕದವನ್ನೇ ಒಳಗೆ ಉಳಿಸಿಕೊಳ್ಳುತ್ತಾರೆ. ಆಮೇಲೆ ಅವನ್ನು ಜೋರಾಗಿ ಅಲ್ಲಾಡಿಸುತ್ತಾರೆ, ಹೀಲಿಯಂಗೆ ಬಡಿದು ಬಡಿದು ಅವು ಒಡೆಯುತ್ತವೆ. ಚೂರುಗಳ ತೂಕ ನೋಡಿದರೆ ಒಡೆದದ್ದು ಯಾವುದೆಂದು ತಿಳಿಯುತ್ತದೆ. ಬೇರೆಯವರ ಹಿಂಡಿಗೆ ಸೇರಿಹೋದ ಕುರಿಯನ್ನು ನೀನು ಹೊರಗೆಳೆದು ಕಿವಿಯ ಗುರುತು ನೋಡುತ್ತಿದ್ದೆಯಲ್ಲ, ಹಾಗೆ. ನಿನ್ನ ಭಂಡಾರದ್ದು ಒಡೆದಾಗ ನೂರ ಐವತ್ತಾರರ ಚೂರು ಬಂತು. ಮೇಡಂ ಎದ್ದು ಹೋಗಿ ಕಪಾಟಿನಿಂದ ಒಂದು ಶೀಶೆ ತಂದರು. ಬಟ್ಟೆಯ ಬಣ್ಣಗಳ ಜೊತೆ ಹೋಲಿಸಲು ಇಟ್ಟಿರುವ ಅಸಲಿ ಮಾದರಿ, ಮೆಟಾನಿಲ್ ಹಳದಿ ಎಂದು ಹೆಸರು. ಅದನ್ನು ಹಚ್ಚಿದಾಗಲೂ ಅದೇ ತೂಕ, ಅದೇ ಚೂರು. ಇದು ಯಾವುದಕ್ಕೆ ಹಾಕುವ ಬಣ್ಣ ಎಂದು ಕೇಳಿದೆ. ಕಾಗದಕ್ಕೆ, ಚರ್ಮಕ್ಕೆ, ಮುಖ್ಯವಾಗಿ ಉಣ್ಣೆಗೆ ಎಂದರು. ತಿನ್ನುವುದಕ್ಕೆ ಹಾಕುವ ಹಾಗಿಲ್ಲ.

ಉಣ್ಣೆಗೆ. ಆ ಮಾತು ಕೇಳಿದಾಗ ನನ್ನ ಕಣ್ಣೆದುರು ಬಂದದ್ದು ನಮ್ಮ ಬಿಳಿ ಟಗರು. ಆಯಿ ತೀರಿಕೊಂಡ ವರ್ಷದ ಮಳೆಗಾಲ, ನಾನಿನ್ನೂ ತೀರಾ ಸಣ್ಣವಳು. ಆಯಿ ಇರುವವರೆಗೆ ಅರಿಷಿಣ ಕೊಂಬು ಕುಟ್ಟಿ ಬೀಸಿ ಭಂಡಾರ ಮಾಡುತ್ತಿದ್ದವಳು ಅವಳು. ಅವಳ ನಂತರ ಬೀಸುವವರಿಲ್ಲದೆ ನೀನು ಅಕ್ಕಲಕೋಟದ ಪೇಟೆಯಿಂದ ಪುಡಿ ತಂದೆ. ತಂದ ಕೂಡಲೇ ಯಾರಿಗೂ ಕೊಡಲಿಲ್ಲ, ಅದು ನೆನಪಿದೆ ನನಗೆ. ದೇವರಿಗೆ ಬಿಟ್ಟ ಟಗರಿನ ಬೆನ್ನಿಗೆ ನೀನು ಹಚ್ಚಿ ನೋಡಿದೆ. ಆಯಿಯ ಭಂಡಾರ ಬಿಸಿಲಿಗೆ ಬಣ್ಣ ಬಿಡುತ್ತಿತ್ತು, ಮಳೆಗೆ ತೊಳೆದು ಹೋಗುತ್ತಿತ್ತು. ಇದು ಹೋಗಲಿಲ್ಲ. ಮಳೆಯಲ್ಲಿ ನೆನೆದು ಬಂದ ಟಗರಿನ ಬೆನ್ನು ಹಾಗೇ ಹಳದಿಯಾಗಿತ್ತು. ನೀನು ಆ ಹಸಿ ಉಣ್ಣೆಯನ್ನು ಹಿಡಿದು ನಿಂತು, ಬಂದವರಿಗೆಲ್ಲ ತೋರಿಸಿ ಹೇಳಿದ್ದೆ: "ಇದರಾಗ ಸತ್ಯ ಅದ. ಬಿರೋಬಾ ಹಿಡದದ್ದ ಬಿಡೂದಿಲ್ಲ." ಅವತ್ತಿನಿಂದ ಅದೇ ಪುಡಿ. ಅದರಲ್ಲಿ ಸತ್ಯ ಇದೆಯೋ ಇಲ್ಲವೋ ಎಂದು ನೀನು ಪರೀಕ್ಷೆ ಮಾಡಿಯೇ ಕೊಟ್ಟೆ ಮುತ್ಯಾ! ಉಣ್ಣೆಗೆ ಹಾಕುವ ಬಣ್ಣವನ್ನು ಉಣ್ಣೆಯ ಮೇಲೆಯೇ ಪರೀಕ್ಷೆ ಮಾಡಿದೆ. ಜಗತ್ತಿನಲ್ಲಿ ಬೇರೆ ಯಾರಾದರೂ ಇಂಥ ತಪ್ಪು ಮಾಡಲು ಸಾಧ್ಯವೇ? ಕುರಿಯವರ ಮನೆಯಲ್ಲಿ ಮಾತ್ರ. ನನಗೆ ನಗು ಬಂತು, ನಕ್ಕೆ ಕೂಡ, ಆಮೇಲೆ ಬಾಯಿ ಮುಚ್ಚಲು ಆಗಲಿಲ್ಲ. ಮೇಡಂ ನೀರು ತಂದುಕೊಟ್ಟರು.

ನಿನ್ನ ಕೈಯಿಂದ ಭಂಡಾರ ಪಡೆಯಲು ಅಮಾವಾಸ್ಯೆಗಳಂದು ನಮ್ಮ ಅಂಗಳದಲ್ಲಿ ಕೂರುತ್ತಿದ್ದ ಮಂದಿ ಒಬ್ಬೊಬ್ಬರಾಗಿ ನೆನಪಾದರು. ಸಲಗರದಿಂದ ಹೊಟ್ಟೆನೋವು ಎಂದು ಬರುತ್ತಿದ್ದ ಮುದುಕಿ. ಮೈ ಬಿಸಿ ಎಂದು ಕೂಸುಗಳನ್ನು ಎತ್ತಿಕೊಂಡು ಬಂದವರು. ಎಲ್ಲರ ನಾಲಿಗೆಗೂ ಚಿಟಿಕೆ. ಮತ್ತು ನೀನು. ಎಲ್ಲರಿಗಿಂತ ಮೊದಲು ನೀನು ಬಾಯಿಗೆ ಹಾಕಿಕೊಳ್ಳುತ್ತಿದ್ದೆ, ಹಬ್ಬ ಹುಣ್ಣಿಮೆ ಎನ್ನದೆ ದಿನವೂ. ನಿನ್ನ ಹೊಟ್ಟೆ ಬಾತಿತು, ಊಟ ಸೇರಲಿಲ್ಲ, ದವಾಖಾನೆಯವರು ಲಿವರ್ ಎಂದರು. ಇದರಿಂದಲೇ ಆಯಿತೇ ಎಂದು ಮೇಡಂಗೆ ಕೇಳಿದೆ. ಯಂತ್ರ ಆ ಮಾತು ಹೇಳುವುದಿಲ್ಲ, ಚೀಲದಲ್ಲಿ ಏನಿದೆ ಎಂದಷ್ಟೇ ಹೇಳುತ್ತದೆ ಎಂದರು. ಹಾಗಾಗಿ ಇದರಿಂದ ನೀನು ಸತ್ತೆ ಎಂದು ನಾನೂ ಎಲ್ಲೂ ಹೇಳುವುದಿಲ್ಲ. ಅಲ್ಲ ಎಂದೂ ಹೇಳುವುದಿಲ್ಲ.

ನಿನ್ನೆ ಅಪ್ಪನಿಗೆ ಫೋನ್ ಮಾಡಿದೆ. ಕೂಸಿನ ನಾಲಿಗೆಗೆ ಭಂಡಾರ ಇಡಬೇಡ, ಅದು ಅರಿಷಿಣ ಅಲ್ಲ, ಉಣ್ಣೆಗೆ ಹಾಕುವ ಬಣ್ಣ ಎಂದೆ. ಯಾರು ಹೇಳಿದರು ಎಂದು ಕೇಳಿದ. ಮಶೀನು ಎಂದೆ.

"ನಿನ್ನ ಮಶೀನಿಗಿ ಬಿರೋಬಾ ಗೊತ್ತದಾನೇನು?"

"ಬಿರೋಬಾ ಗೊತ್ತಿಲ್ಲ. ಅರಿಷಿಣ ಗೊತ್ತದ."

ಹಿಂದಿನಿಂದ ಅಕ್ಕ ನಕ್ಕದ್ದು ಕೇಳಿಸಿತು. ಅಪ್ಪ ನಗಲಿಲ್ಲ. ಟಗರಿನ ಮಾತೆತ್ತಿದ, ಮಳೆಗೆ ಹೋಗದ ಬಣ್ಣ ಊರೆಲ್ಲ ನೋಡಿದೆ ಎಂದ. ಉಣ್ಣೆಯ ಬಣ್ಣ ಉಣ್ಣೆಯನ್ನು ಹಿಡಿಯದೆ ಇನ್ನೇನು ಹಿಡಿಯುತ್ತದೆ, ಅದರ ಕೆಲಸವೇ ಅದು ಎಂದೆ. ಫೋನಿನಲ್ಲಿ ಅತ್ತಲಿಂದ ಕುರಿಯೊಂದು ಕೆಮ್ಮಿತು. ಆಮೇಲೆ ಅಪ್ಪನ ಧ್ವನಿ ಬಂದಾಗ ಅದು ಅಪ್ಪನದು ಎಂದು ಅನ್ನಿಸಲೇ ಇಲ್ಲ.

"ಹಂಗಾದ್ರ ನಮ್ಮಪ್ಪ ಇಷ್ಟ ದಿನ ಮಂದಿಗಿ ಬಣ್ಣ ತಿನಿಸ್ಯಾನ ಅನ್ನು. ತೊಟ್ಟಲ ದಿನ ಊರ ಮಂದಿ ಎಲ್ಲಾ ಕೂಡ್ತದ. ಅವರ ಮುಂದ ನಿಂತು ಅನ್ನು. ಅಂತೀಯೇನು?"

ನಾನು ಸುಳ್ಳು ಹೇಳಬಹುದಿತ್ತು. ಇಲ್ಲಪ್ಪಾ, ಈ ಒಂದು ಚೀಲದ್ದು ಮಾತ್ರ ಕೆಟ್ಟಿದೆ ಎನ್ನಬಹುದಿತ್ತು. "ಅಂತೀನಿ" ಎಂದೆ. ಅವನು ಫೋನ್ ಇಟ್ಟ. ಅವನ ಮೇಲೆ ನನಗೆ ಸಿಟ್ಟಿಲ್ಲ ಮುತ್ಯಾ. ಅವನು ಕಾಯುತ್ತಿರುವುದು ಭಂಡಾರವನ್ನಲ್ಲ, ನಿನ್ನನ್ನು.

ಸ್ವಲ್ಪ ಹೊತ್ತಿಗೆ ಅಕ್ಕನೇ ಫೋನ್ ಮಾಡಿದಳು, ಬಚ್ಚಲಲ್ಲಿ ನಿಂತು ಪಿಸುಗುಡುತ್ತಿದ್ದಳು. "ಮಾಯಾ, ನೀ ಹೇಳಿದ್ದು ಖರೇ ಏನು? ನಾ ದಿನಾ ತಿಂದೀನಿ. ಬಸರಿದ್ದಾಗೂ ತಿಂದೀನಿ." ಖರೇ ಎಂದೆ. ನಾನು ಉಗುಳುತ್ತಿದ್ದೆ ಎಂದು ಆಗ ಅವಳಿಗೆ ಹೇಳಿದೆ. ಅವಳು ಬೈಯಲಿಲ್ಲ. "ಕೂಸಿಗಿ ಏನಾಗ್ತದ?" ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ, ಯಾಕೆಂದರೆ ಗೊತ್ತಿಲ್ಲ. ಡಾಕ್ಟರಿಗೆ ಒಮ್ಮೆ ತೋರಿಸೋಣ, ಚಿಟಿಕೆಯಷ್ಟೇ ಅಲ್ಲವೇ, ಗಾಬರಿಯಾಗಬೇಡ ಎಂದು ಮೇಡಂ ಹೇಳಿದ್ದನ್ನು ಹೇಳಿದೆ. ಕಡೆಗೆ ಅವಳು, "ನೀ ಬಾ. ಇಷ್ಟ ಮಂದ್ಯಾಗ ನಾ ಒಬ್ಬಾಕೀನ ಬ್ಯಾಡ ಅನ್ನಾಕ ಆಗೂದಿಲ್ಲ" ಎಂದಳು.

ಇನ್ನೊಂದು ಸುದ್ದಿ ಇದೆ, ಅಪ್ಪನಿಗೂ ಇನ್ನೂ ಹೇಳಿಲ್ಲ. ಅಕ್ಕನ ಫೋನಿನ ನಂತರ ಸುಮ್ಮನಿರಲಾಗದೆ ನಿನ್ನ ಚೀಲವನ್ನು ಪೂರ್ತಿ ಬರಿ ಮಾಡಿ, ತಿರುವಿ ಹಾಕಿ ನೋಡಿದೆ. ಒಳಗಿನ ಹೊಲಿಗೆ ಬಿಚ್ಚಿದರೆ ಅದರ ಮಡಿಕೆಯಲ್ಲಿ ಹಳೆಯ ಪುಡಿ ಗಟ್ಟಿಯಾಗಿ ಕೂತಿತ್ತು. ಬಣ್ಣ ಬೇರೆ, ಮಣ್ಣು ಬೆರೆತ ಹಾಗೆ. ಸಬಕಾರದ ನೀರು ಒಂದು ಹನಿ ಬಿಟ್ಟೆ. ಕೆಂಪಾಯಿತು. ಇವತ್ತು ಲ್ಯಾಬಿಗೆ ಒಯ್ದೆ. ನನ್ನ ಕೈಗೆ ಹತ್ತಿದ ಸಾರಿನ ಅರಿಷಿಣವೇ ಅದಕ್ಕೆ ಹತ್ತಿರಬಹುದು ಎಂದು ನನಗೇ ಅನುಮಾನ ಬಂತು. ಹೊಸ ಕೈಗವಸು ಹಾಕಿಕೊಂಡೆ, ಚೀಲದ ಹೊರಗಿನ ಬಟ್ಟೆಯ ಚೂರನ್ನೂ ಬೇರೆಯಾಗಿ ಹಚ್ಚಿದೆ, ಅದರಲ್ಲಿ ಅರಿಷಿಣದ ಗುರುತೇ ಇರಲಿಲ್ಲ. ಮಡಿಕೆಯ ಪುಡಿಯಲ್ಲಿ ಮಾತ್ರ, ಮೊನ್ನೆ ಖಾಲಿ ಇದ್ದ ಜಾಗದಲ್ಲಿ, ಮುನ್ನೂರ ಅರವತ್ತೇಳು ಎದ್ದು ನಿಂತಿತು. ಒಡೆದು ನೋಡಿದೆವು, ಮೇಡಂನ ಅಡುಗೆಮನೆಯದಕ್ಕೆ ಬಂದ ಚೂರುಗಳೇ ಬಂದವು. ಅದು ಆಯಿ ಬೀಸಿದ್ದು. ಇಷ್ಟು ವರ್ಷ ನಿನ್ನ ಸೊಂಟದಲ್ಲೇ ಇತ್ತು. ಮಳೆಗೆ ತೊಳೆದು ಹೋಗುತ್ತಿದ್ದ, ಬಿಸಿಲಿಗೆ ಬಣ್ಣ ಬಿಡುತ್ತಿದ್ದ, ಸತ್ಯ ಕಡಿಮೆ ಎಂದು ನೀನು ಅಂದುಕೊಂಡಿದ್ದ ಅದೇ ಭಂಡಾರ. ಆಯಿಗೆ ಇದನ್ನು ಹೇಳುವವರು ಯಾರು? ನೀನು ಅವಳ ಜೊತೆಯಲ್ಲೇ ಇದ್ದರೆ ಹೇಳಿಬಿಡು.

ನಾಡಿದ್ದು ಮಂದಿಯ ಮುಂದೆ ನಾನು ಏನು ಹೇಳುತ್ತೇನೆಂದು ನಿನಗೆ ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಕೇಳಿ ಬೇಸರ ಮಾಡಿಕೊಳ್ಳಬೇಡ. ಮುತ್ಯಾ ಕೊಟ್ಟದ್ದು ಬಣ್ಣ ಎನ್ನುತ್ತೇನೆ. ಅವನಿಗೆ ಅದು ಗೊತ್ತಿರಲಿಲ್ಲ ಎನ್ನುತ್ತೇನೆ. ಟಗರಿನ ಬೆನ್ನಿನ ಕತೆಯನ್ನೂ ಪೂರ್ತಿ ಹೇಳುತ್ತೇನೆ, ನಗುವವರು ನಗಲಿ. ನಿಮಗೆಲ್ಲ ಕೊಡುವ ಮೊದಲು ದಿನವೂ ಅವನೇ ತಿಂದ ಎನ್ನುತ್ತೇನೆ. ಅದು ನಿನ್ನನ್ನು ಉಳಿಸುವುದಕ್ಕೆ ಹೇಳುವ ಮಾತಲ್ಲ, ನಡೆದದ್ದು ಹಾಗೆ. ಸಲಗರದ ಮುದುಕಿ ಇನ್ನೂ ಬದುಕಿದ್ದರೆ ಅವಳ ಮನೆಗೂ ಹೋಗಿ ಹೇಳುತ್ತೇನೆ. ಅಪ್ಪ ನನ್ನನ್ನು ಅಂಗಳದಿಂದ ಎಳೆದು ಹೊರಗೆ ಹಾಕಬಹುದು. ಹಾಕಿದರೆ ಕಟ್ಟೆಯ ಮೇಲೆ ನಿಂತು ಹೇಳುತ್ತೇನೆ. ಅಕ್ಕ ಕೂಸನ್ನು ಎದೆಗೆ ಒತ್ತಿ ಹಿಡಿದುಕೊಳ್ಳುತ್ತೇನೆ ಎಂದಿದ್ದಾಳೆ.

ಒಂದು ಕಿಲೋ ಅರಿಷಿಣ ಕೊಂಬು ಕೊಂಡು ಇಟ್ಟುಕೊಂಡಿದ್ದೇನೆ. ಒಂದು ಕೊಂಬನ್ನು ತೇದು ಸಬಕಾರ ಹಚ್ಚಿ ನೋಡಿಯೇ ಕೊಂಡೆ, ಅಂಗಡಿಯವನು ನನಗೆ ಹುಚ್ಚು ಅಂದುಕೊಂಡ. ಆಯಿಯ ಬೀಸುಕಲ್ಲು ದೊಡ್ಡಿಯ ಬಾಗಿಲಿಗೆ ಆಸರೆಯಾಗಿ ಬಿದ್ದಿದೆಯಂತೆ, ಅಕ್ಕ ಹೇಳಿದಳು. ತೊಳೆದು ನಾನೇ ಬೀಸುತ್ತೇನೆ. ಅದನ್ನೂ ಕೂಸಿನ ನಾಲಿಗೆಗೆ ಇಡಲು ಬಿಡುವುದಿಲ್ಲ, ಹಣೆಗೆ ಸಾಕು. ಬೀಸಬೇಕೆಂದರೆ ಒಂದು ಕಡೆ ಕೂರಬೇಕು, ಅದೊಂದೇ ನನಗೆ ಕಷ್ಟ. ನಿನ್ನ ಚೀಲದ ಹೊಲಿಗೆ ಬಿಚ್ಚಿದ್ದೆನಲ್ಲ, ಮಡಿಕೆಯ ಪುಡಿಯನ್ನು ಉಳಿಸಿ ಮತ್ತೆ ಹೊಲಿದಿದ್ದೇನೆ. ನನ್ನ ಹೊಲಿಗೆ ಆಯಿಯ ಹೊಲಿಗೆಯಷ್ಟು ನೇರ ಬಂದಿಲ್ಲ.

ಅಪ್ಪನಿಂದ ಮತ್ತೆ ಫೋನ್ ಬಂದಿಲ್ಲ. ನಾಳೆ ಮುಂಜಾನೆಯ ಎಸ್‌ಟಿ ಬಸ್ಸಿಗೆ ನಾಗಣಸೂರಕ್ಕೆ ಹೊರಡುತ್ತೇನೆ.

ನಿನ್ನ ಮಾಯವ್ವ